ಸಮುದ್ರಕ್ಕೆಂದು ಮೆಟಲ್ ಡಿಟೆಕ್ಟರ್ ಕೊಳ್ಳುವವರ ಗಮನಕ್ಕೆ

ನೀರಿನೊಳಗೂ ಬಳಸಬಹುದೆಂಬ ಭರವಸೆ ನಂಬಿ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸುವವರು, ಹಣ ಕಟ್ಟುವ ಮೊದಲೇ ಯಂತ್ರದ ಯಾವ ಭಾಗ ಎಷ್ಟು ಆಳದವರೆಗೆ ನೀರನ್ನು ತಡೆಯುತ್ತದೆ ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆದುಕೊಳ್ಳಬೇಕು. ನಮಗೆ ಮಾರಿದವರು ಫೋನಿನಲ್ಲಿ ‘ಸಮುದ್ರದಲ್ಲೂ ನಡೆಯುತ್ತದೆ ಸರ್’ ಎಂದಿದ್ದರು. ಆ ಮಾತಿಗೆ ಈಗ ಯಾವ ಆಧಾರವೂ ಇಲ್ಲ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಸ್ನಾನಕ್ಕಿಳಿದಾಗ ನನ್ನ ಭಾವನ ಮದುವೆಯುಂಗುರ ನೀರುಪಾಲಾಗಿತ್ತು. ಅದಕ್ಕಾಗಿ ತರಿಸಿದ ಯಂತ್ರವನ್ನು ಇಳಿತದ ಹೊತ್ತು ನೋಡಿ ಸೊಂಟಮಟ್ಟದ ನೀರಿಗೆ ಒಯ್ದೆವು. ಒಂದು ದೊಡ್ಡ ಅಲೆ ಹಿಡಿಕೆಯ ಮೇಲಿನ, ಪರದೆ ಮತ್ತು ಬ್ಯಾಟರಿ ಇರುವ ಪೆಟ್ಟಿಗೆಯನ್ನು ತೋಯಿಸಿತು. ಪರದೆಯ ಒಳಬದಿಗೆ ಮಂಜು ಕಟ್ಟಿ, ಅಂಕಿಗಳು ತಮ್ಮಷ್ಟಕ್ಕೆ ಓಡಿ, ಕೊನೆಗೆ ಎಲ್ಲವೂ ಆರಿಹೋಯಿತು. ಮನೆಯಲ್ಲಿ ಬ್ಯಾಟರಿಯ ಮುಚ್ಚಳ ತೆಗೆದರೆ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದು ಮೂಲೆಗಳಲ್ಲಿ ಉಪ್ಪು ಕೂತಿತ್ತು. ನೀರು ತಡೆಯಬೇಕಾದ ರಬ್ಬರ್ ಉಂಗುರ ದಾರದಷ್ಟು ತೆಳ್ಳಗಿದ್ದು, ತನ್ನ ಕೊರಕಲಿನಲ್ಲಿ ಸರಿಯಾಗಿ ಕೂರುತ್ತಲೂ ಇರಲಿಲ್ಲ. ನೀರು ಹೊಕ್ಕ ಯಂತ್ರಕ್ಕೆ ವಾರಂಟಿ ಇಲ್ಲವೆಂದು ಅಂಗಡಿಯವರು ಕೈತೊಳೆದುಕೊಂಡರು. ನೀರು ತಡೆಯುವುದು ಕೆಳಗಿನ ಕಾಯಿಲ್ (ನೆಲದ ಮೇಲೆ ಆಡಿಸುವ, ಲೋಹ ಪತ್ತೆಮಾಡುವ ತಂತಿಸುರುಳಿಯ ತಟ್ಟೆ) ಮಾತ್ರ ಎಂದು ಯಂತ್ರದ ಜೊತೆ ಬಂದ ಚೀಟಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ಜಾಹೀರಾತಿನಲ್ಲಿ ಅದರ ಸುಳಿವೇ ಇರಲಿಲ್ಲ.

ಆದ್ದರಿಂದ ಕಾಯಿಲ್, ಪೆಟ್ಟಿಗೆ, ಹೆಡ್‌ಫೋನ್ ಮೂರರ ಬಗ್ಗೆಯೂ ಬೇರೆಬೇರೆಯಾಗಿ ಕೇಳಬೇಕು. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಐಪಿ ಅಂಕಿ ಹೇಳುತ್ತದೆ. ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿದ ಪರೀಕ್ಷೆ; ಐಪಿ68 ಆದರೆ ಆಳ ಮತ್ತು ಅವಧಿಯನ್ನು ತಯಾರಕರೇ ಹೇಳಿರಬೇಕು. ಎರಡೂ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ, ಅಲೆಯ ಹೊಡೆತವಿಲ್ಲದ ತೊಟ್ಟಿಯಲ್ಲಿ. ನಿಸ್ತಂತು ಹೆಡ್‌ಫೋನಿನ ಸಂಕೇತ ನೀರನ್ನು ದಾಟುವುದಿಲ್ಲವಾದ್ದರಿಂದ, ಮುಳುಗಿ ಹುಡುಕುವವರಿಗೆ ತಂತಿಯಿರುವ ಜಲನಿರೋಧಕ ಹೆಡ್‌ಫೋನೇ ಬೇಕು.

ಯಂತ್ರ ಕೆಡುವ ಮೊದಲೂ ಅದರಿಂದ ಪ್ರಯೋಜನವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರು ತಾನೇ ವಿದ್ಯುತ್ ವಾಹಕವಾಗಿರುವುದರಿಂದ, ಒಂದೇ ಆವರ್ತನದಲ್ಲಿ ಕೆಲಸ ಮಾಡುವ ಅಗ್ಗದ ಯಂತ್ರವು ಒದ್ದೆ ಮರಳನ್ನೇ ಲೋಹವೆಂದು ಬಗೆದು ಬಿಡುವಿಲ್ಲದೆ ಕೂಗುತ್ತದೆ. ಸದ್ದು ತಾಳಲಾರದೆ ಸೂಕ್ಷ್ಮತೆಯನ್ನು ತಗ್ಗಿಸಿದರೆ ಗೇಣು ಆಳದ ಉಂಗುರವೂ ಅದಕ್ಕೆ ಕಾಣದು. ಸಮುದ್ರಕ್ಕೆ ಬೇಕಾದದ್ದು ಏಕಕಾಲಕ್ಕೆ ಹಲವು ಆವರ್ತನಗಳನ್ನು ಬಳಸುವ ಯಂತ್ರ ಅಥವಾ ಕಾಯಿಲಿಗೆ ವಿದ್ಯುತ್ತನ್ನು ಬಿಟ್ಟುಬಿಟ್ಟು ಮಿಡಿತಗಳಾಗಿ ಹರಿಸುವ ಪಲ್ಸ್ ಇಂಡಕ್ಷನ್ ಮಾದರಿ. ಎರಡನೆಯದು ಉಪ್ಪಿಗೆ ಅಷ್ಟಾಗಿ ಜಗ್ಗದು, ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಬಿಡಿಸಿ ಹೇಳುವುದೂ ಇಲ್ಲ. ಕಾರವಾರದ ಬಳಿಯ ಮಾಜಾಳಿಯ ತಿಳಮಾತಿ ಕಡಲತೀರದಂಥ ಎಳ್ಳುಬಣ್ಣದ ಕಪ್ಪು ಮರಳಿನ ಜಾಗಕ್ಕೆ ಹೋಗುವವರು, ಮರಳಿನ ಖನಿಜದಿಂದ ಬರುವ ಸುಳ್ಳು ಸದ್ದು ತಗ್ಗುವಂತೆ ಯಂತ್ರವನ್ನು ನೆಲಕ್ಕೆ ತಕ್ಕಂತೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಸೌಲಭ್ಯ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಕಸದ ಸದ್ದನ್ನೆಲ್ಲ ಅಡಗಿಸುವ ಗುಂಡಿಯನ್ನು ಮಾರುವವರು ಬಹಳ ಹೊಗಳುತ್ತಾರೆ. ತೆಳುವಾದ ಚಿನ್ನದುಂಗುರವೂ ಸಿಗರೇಟ್ ಪ್ಯಾಕಿನ ಅಲ್ಯೂಮಿನಿಯಂ ಹಾಳೆಯೂ, ಯಾವ ಲೋಹವಿರಬಹುದೆಂದು ಪರದೆ ತೋರಿಸುವ ಅಂಕಿಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಬರುತ್ತವೆ. ಹಾಳೆಯ ಸದ್ದು ಅಡಗಿಸಿದರೆ ಉಂಗುರದ ಸದ್ದೂ ಅಡಗುತ್ತದೆ. ಬಾಟಲಿಯ ಬಿರಡೆ, ಬಲೆಯ ಸೀಸದ ಗುಂಡುಗಳನ್ನು ತಾಳ್ಮೆಯಿಂದ ಅಗೆಯದೆ ಬೇರೆ ದಾರಿಯಿಲ್ಲ.

ಶಿರಸಿ ಕಡೆಯ ಕೆರೆಗಳಲ್ಲಿ ಉಪ್ಪಿನ ಕಾಟವಿಲ್ಲ. ಆದರೆ ಅಲ್ಲಿನ ಜಂಬಿಟ್ಟಿಗೆ ಮಣ್ಣಿನಲ್ಲೇ ಕಬ್ಬಿಣದ ಅಂಶ ಹೆಚ್ಚು. ಗಣಪತಿ ಬಿಡುವ ಕೆರೆಯಾದರಂತೂ ಮೂರ್ತಿಯ ಚೌಕಟ್ಟಿನ ಮೊಳೆ, ತಂತಿಗಳೇ ಮೊದಲು ಕೈಗೆ ಸಿಗುತ್ತವೆ. ಅವು ಕಾಲಿಗೂ ಚುಚ್ಚುವುದರಿಂದ ದಪ್ಪ ಅಡಿಯ ಬೂಟು ಹಾಕದೆ ಕೆಸರಿಗೆ ಇಳಿಯಬಾರದು.

ಹೆಡ್‌ಫೋನ್ ಹಾಕಿ, ತಲೆ ತಗ್ಗಿಸಿ, ಕಡಲಿಗೆ ಬೆನ್ನು ಕೊಟ್ಟು ನಿಂತವನಿಗೆ ಬರುವ ಅಲೆ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ದಡದಲ್ಲಿ ಒಬ್ಬರು ನಿಗಾ ಇಟ್ಟಿರಬೇಕು. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು. ಕಾರವಾರದ ಕದಂಬ ನೌಕಾನೆಲೆಯ ಆಸುಪಾಸಿಗೆ ಈ ಯಂತ್ರ ಹಿಡಿದು ಹೋಗುವ ಸಾಹಸ ಬೇಡ. ಕೋಟೆ, ದೇವಸ್ಥಾನಗಳಂಥ ಸಂರಕ್ಷಿತ ಸ್ಥಳಗಳಲ್ಲಿ ಅಗೆಯಲೂಬಾರದು. ನಿಧಿ ಕಾಯ್ದೆಯ ಪ್ರಕಾರ, ಹೂತ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು.

ಈಗಾಗಲೇ ಯಂತ್ರ ತರಿಸಿಕೊಂಡವರು, ಪೆಟ್ಟಿಗೆಗೂ ನೀರಿನ ಭರವಸೆ ಬರಹದಲ್ಲಿದ್ದರೆ, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಹೇಳಿದಷ್ಟು ಹೊತ್ತು ಸಿಹಿನೀರಿನ ಬಕೆಟಿನಲ್ಲಿ ಮುಳುಗಿಸಿ, ಆರಂಭದಿಂದ ಕೊನೆಯವರೆಗೆ ವಿಡಿಯೊ ಮಾಡಿಟ್ಟುಕೊಳ್ಳಿ. ಹೊರಭಾಗವನ್ನು ಒರೆಸಿದ ಮೇಲೆಯೇ ಬ್ಯಾಟರಿಯ ಮುಚ್ಚಳ ತೆಗೆಯಿರಿ. ಒಳಗೆ ಒಂದು ಹನಿ ಕಂಡರೂ ಯಂತ್ರವನ್ನು ಅಂದೇ ವಾಪಸು ಕಳುಹಿಸಿ.