ಕಂಬಳಿ, ಬೀರು, ಮೈಕ್, ಸಾಫ್ಟ್‌ವೇರ್: ಸದ್ದು ಇಳಿಸಿದ್ದು ಯಾವುದು?

ಮನೆಯಲ್ಲಿ ಎಷ್ಟು ಸದ್ದಿದೆ ಎಂದು ಗೊತ್ತಾಗುವುದೇ ಓದಿ ರೆಕಾರ್ಡ್ ಮಾಡಲು ಹೆಡ್‌ಫೋನ್ ಹಾಕಿಕೊಂಡು ಮೈಕ್ ಆನ್ ಮಾಡಿದಾಗ. ನನಗೆ ತಲೆ ಮೇಲೆ ಫ್ಯಾನ್, ಪಕ್ಕದ ಕೋಣೆಯಲ್ಲಿ ಫ್ರಿಜ್, ಕಿಟಕಿಯಾಚೆ ರಸ್ತೆ. ಆಡಿಯೊಬುಕ್‌ಗಳಿಗೆ ಆಡಿಬಲ್‌ನ ವೇದಿಕೆಯಾದ ಎಸಿಎಕ್ಸ್ ಹಾಕಿರುವ ನಿಯಮದಲ್ಲಿ, ಮಾತಿಲ್ಲದ ಕಡೆ ಸದ್ದು ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು. ನನ್ನದು ಮೈನಸ್ 45ರಲ್ಲಿತ್ತು, ಅಂದರೆ 15 ಡೆಸಿಬಲ್ ಜಾಸ್ತಿ. ಒಂದೇ ಪ್ಯಾರಾವನ್ನು ನಾಲ್ಕಾರು ರೀತಿ ಓದಿ ನೋಡಿದೆ.

ಕಂಬಳಿ ಹೊದ್ದು ಓದಿದ್ದು ಹತ್ತೇ ನಿಮಿಷ. ಬೆವರು ಕಿತ್ತುಕೊಂಡು ಬಂತು. ದನಿಯೂ ಗಡಿಗೆಯೊಳಗಿಂದ ಬಂದ ಹಾಗಿತ್ತು. ಕಂಬಳಿ ತೆಳುವಾದ ಸ್ವರಗಳನ್ನು ಹೀರುತ್ತದೆ, ದಪ್ಪ ಸ್ವರಗಳನ್ನು ಹಾಗೇ ಬಿಡುತ್ತದೆ.

ಬೀರುವಿನ ಬಾಗಿಲು ತೆಗೆದು, ನೇತುಹಾಕಿದ ಬಟ್ಟೆಗಳ ಕಡೆ ಮುಖ ಮಾಡಿ ಓದಿದ್ದು ಎಷ್ಟೋ ವಾಸಿ. ಕೋಣೆಯ ಗುಂಯ್‌ಗುಡುವಿಕೆ ಹೋಯಿತು. ಆದರೆ ರಸ್ತೆ ಸದ್ದು ಇದ್ದಷ್ಟೇ ಇತ್ತು. ಗೋಡೆಗೆ ಅಂಟಿಸುವ ಫೋಮ್ ಕಥೆಯೂ ಇದೇ. ಅದು ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಸದ್ದು ತಡೆಯುವುದಿಲ್ಲ. ಅಂಟಿಸಿ ಆದ ಮೇಲೆ ನನಗಿದು ತಿಳಿದದ್ದು!

ಕಂಡೆನ್ಸರ್ ಮೈಕ್ ಎಲ್ಲ ಸದ್ದನ್ನೂ ಎಳೆಯುತ್ತದೆ, ಡೈನಾಮಿಕ್ ತಗೋ ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ಎರಡನ್ನೂ ಒಂದೇ ದೂರದಲ್ಲಿಟ್ಟು, ದನಿಯ ಮಟ್ಟ ಸಮ ಮಾಡಿ ಕೇಳಿದೆ. ಫ್ಯಾನ್ ಸದ್ದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಡೈನಾಮಿಕ್ ಮೈಕನ್ನು ನಾವು ಬಾಯಿಯ ಹತ್ತಿರ ಹಿಡಿಯುತ್ತೇವೆ, ಗುಟ್ಟು ಅಷ್ಟೇ. ಒಂದು ಅಡಿಯಿಂದ ಅರ್ಧ ಅಡಿಗೆ ತಂದರೆ ದನಿ ಹೆಚ್ಚುಕಡಿಮೆ 6 ಡೆಸಿಬಲ್ ಏರುತ್ತದೆ. ಅಷ್ಟೇ ಗೇನ್ (ರೆಕಾರ್ಡಿಂಗ್ ಮಟ್ಟ) ಇಳಿಸಿದರೆ ಹಿನ್ನೆಲೆಯ ಸದ್ದೂ 6 ಇಳಿಯಿತು. ಫ್ಯಾನ್, ಫ್ರಿಜ್ ಎರಡನ್ನೂ ಆರಿಸಿದ ಮೇಲೆ ನನ್ನದು ಮೈನಸ್ 52 ಇತ್ತು. ಮೈಕ್ ಹತ್ತಿರ ತಂದಾಗ ಮೈನಸ್ 58ಕ್ಕೆ ಬಂತು. ‘ಪ’, ‘ಭ’ ಬಂದಾಗ ಉಸಿರು ಬಡಿಯುತ್ತದೆ, ಮೈಕನ್ನು ಸ್ವಲ್ಪ ಓರೆ ಮಾಡಿದರೆ ಸಾಕು. ದನಿ ಜಾಸ್ತಿ ದಪ್ಪವಾದರೆ 80 ಹರ್ಟ್ಸ್‌ಗೆ ಹೈ‌-ಪಾಸ್ ಫಿಲ್ಟರ್ ಹಾಕಿ, ಅದಕ್ಕಿಂತ ದಪ್ಪ ಸ್ವರಗಳನ್ನು ಅದು ತಗ್ಗಿಸುತ್ತದೆ.

ಇನ್ನು ಸಾಫ್ಟ್‌ವೇರ್. ದನಿ ಒಂದು ಮಟ್ಟಕ್ಕಿಂತ ಇಳಿದರೆ ಬಾಯಿ ಮುಚ್ಚಿಸುವ ನಾಯ್ಸ್ ಗೇಟ್ ಕನ್ನಡಕ್ಕೆ ಒಗ್ಗಲೇ ಇಲ್ಲ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ದನಿ ಇಳಿಯುವುದೂ ಅಲ್ಲೇ. ‘ಮನೆಗೆ ಹೋದರು’ ಎಂದು ಓದಿದರೆ ‘ಹೋದರ್’ ಎಂದು ಕೇಳಿಸಿತು, ಕೊನೆಯ ‘ಉ’ ಗೇಟಿಗೆ ಬಲಿ. ಎಐ ಟೂಲ್ ಫ್ಯಾನ್, ನಾಯಿ ಬೊಗಳಿದ್ದು ಎಲ್ಲವನ್ನೂ ಗುಡಿಸಿ ಹಾಕಿತು. ಜೊತೆಗೆ ನನ್ನ ಉಸಿರನ್ನೂ. ಫೋನಿನಲ್ಲಿ ಮಾತಾಡಿದ ಹಾಗಾಯಿತು.

ಅಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್ ಪರವಾಗಿಲ್ಲ, ಕೈ ಬಿಗಿ ಹಿಡಿದರೆ. ಶುರುವಿನಲ್ಲಿ ಐದು ಸೆಕೆಂಡ್ ಸುಮ್ನೆ ಕೂತು ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ, ಅದನ್ನೇ ನಾಯ್ಸ್ ಪ್ರೊಫೈಲ್ ಆಗಿ ಕೊಡಬೇಕು. 20 ಡೆಸಿಬಲ್ ತೆಗೆದಾಗ ‘ಸ’, ‘ಶ’ ನೀರಿನಲ್ಲಿ ಅದ್ದಿ ತೆಗೆದಂತಾದವು. 6 ತೆಗೆದಾಗ ದನಿಗೆ ಏನೂ ಆಗಲಿಲ್ಲ, ಮೈನಸ್ 64 ಸಿಕ್ಕಿತು.

ಹಾಗಾಗಿ ಈಗ ಬೀರು, ಹತ್ತಿರದ ಮೈಕ್, ಆ 6 ಡೆಸಿಬಲ್, ಇಷ್ಟೇ ನನ್ನ ಸಾಮಾನು. ಹಾರ್ನ್‌ಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಹಾರ್ನ್ ಬಿದ್ದರೆ ಒಂದು ಚಪ್ಪಾಳೆ ತಟ್ಟಿ ಅದೇ ವಾಕ್ಯ ಮತ್ತೆ ಓದುತ್ತೇನೆ. ಎಡಿಟ್ ಮಾಡುವಾಗ ಅಲೆಗಳ ನಡುವೆ ಆ ಚಪ್ಪಾಳೆ ಮೊಳೆ ಹೊಡೆದ ಹಾಗೆ ಎದ್ದು ಕಾಣುತ್ತದೆ, ಎಲ್ಲಿ ಕತ್ತರಿಸಬೇಕೆಂದು ಹುಡುಕುವ ಗೋಜಿಲ್ಲ.