ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ: ಮಳೆಯಲ್ಲಿ ಪಾಸು, ಪ್ರಚಲಿತದಲ್ಲಿ ಫೇಲು

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಹವಾಮಾನದ ಭಾಗಕ್ಕೆ, ಅರ್ಧ ಬೈಂಡಿಂಗ್‌ಗೆ.

ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್ ಸೆಂಟರ್‌ಗಳ ಸುತ್ತ ಇರುವ ಅಂಗಡಿಗಳಲ್ಲಿ ಇಂಥ ಪುಸ್ತಕಗಳ ಗುಡ್ಡೆಯೇ ಇರುತ್ತೆ. ನಾನು ತಂದದ್ದರಲ್ಲಿ ಸಾರಿಗೆ, ಹವಾಮಾನ, ಆಹಾರ, ಪ್ರಚಲಿತ ವಿದ್ಯಮಾನ ಅಂತ ನಾಲ್ಕು ಭಾಗ. ಮೇಲೆ ಕೆಂಪು ಅಕ್ಷರದಲ್ಲಿ 'ಹೊಸ ಪರಿಷ್ಕೃತ ಆವೃತ್ತಿ' ಅಂತ ಇದೆ. ಯಾವ ವರ್ಷದ್ದು ಅಂತ ಎಲ್ಲೂ ಇಲ್ಲ. ಪ್ರಕಾಶಕರ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಪಕ್ಕದಲ್ಲಿದ್ದ ಬೇರೆ ಪುಸ್ತಕಗಳನ್ನು ತಿರುವಿ ನೋಡಿದರೂ ಹೆಚ್ಚುಕಡಿಮೆ ಇದೇ ಕಥೆ.

ಸಾರಿಗೆಯಿಂದ ಶುರು ಮಾಡೋಣ. ಪ್ರಪಂಚದ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ? ಪುಸ್ತಕದ ಉತ್ತರ: ಗೋರಖ್‌ಪುರ. ಅಲ್ಲಾ ಸ್ವಾಮಿ, ಧಾರವಾಡದಲ್ಲಿ ಮಾರುವ ಪುಸ್ತಕ ಇದು! ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಇಳಿದು ನೋಡಿದ್ದರೆ ಸಾಕಿತ್ತು. ನಮ್ಮದು 1507 ಮೀಟರ್, ಗೋರಖ್‌ಪುರದ್ದು 1366. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದು, ಗಿನ್ನೆಸ್ ದಾಖಲೆಗೂ ಸೇರಿದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಲಗೇಜ್ ಎಳೆದುಕೊಂಡು ಹೋದವರು ಈ ಉತ್ತರವನ್ನು ಜನ್ಮದಲ್ಲಿ ಮರೆಯೋದಿಲ್ಲ. ಜಮ್ಮು-ಕಾಶ್ಮೀರದ ಚೆನಾಬ್ ರೈಲು ಸೇತುವೆ ಇನ್ನೂ 'ನಿರ್ಮಾಣ ಹಂತದಲ್ಲಿದೆ' ಅಂತೆ. ನದಿಯಿಂದ 359 ಮೀಟರ್ ಎತ್ತರದ ಆ ಸೇತುವೆ 2025ರ ಜೂನ್‌ನಲ್ಲೇ ಉದ್ಘಾಟನೆ ಆಗಿದೆ. 1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರ್‌ನಿಂದ ಠಾಣೆಗೆ ಹೋದ ಮೊದಲ ಪ್ರಯಾಣಿಕರ ರೈಲು ಮಾತ್ರ ಸರಿಯಾಗಿದೆ. ಅದು ಬದಲಾಗೋದಿಲ್ವಲ್ಲ.

ಹವಾಮಾನದ ಭಾಗ ಬೇರೆ ಯಾರೋ ಬರೆದಿದ್ದಾರೆ ಅಂತ ನನ್ನ ಗುಮಾನಿ. ಇಲ್ಲಿ ಉತ್ತರದ ಕೆಳಗೆ ಕಾರಣವೂ ಇದೆ. ದೇಶದಲ್ಲಿ ಅತಿ ಹೆಚ್ಚು ಮಳೆ ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ಅಂತ ಹೇಳಿ ಸುಮ್ಮನಾಗಿಲ್ಲ. ಬಂಗಾಳ ಕೊಲ್ಲಿಯ ತೇವದ ಗಾಳಿ ಖಾಸಿ ಬೆಟ್ಟಗಳಿಗೆ ಬಡಿದು ಮೇಲೇರುತ್ತೆ, ತಣ್ಣಗಾಗುತ್ತೆ, ಅಲ್ಲೇ ಸುರಿಯುತ್ತೆ ಅಂತ ವಿವರಿಸಿದ್ದಾರೆ. ಇದನ್ನು ಓದಿದ ಮೇಲೆ ನಮ್ಮ ಜಿಲ್ಲೆಯೂ ಅರ್ಥ ಆಗುತ್ತೆ. ಅರಬ್ಬಿ ಸಮುದ್ರದ ಮಳೆ ಜಾಸ್ತಿ ಪಾಲು ಪಶ್ಚಿಮ ಘಟ್ಟದಲ್ಲೇ ಖಾಲಿ ಆಗುತ್ತೆ, ಉಳಿದದ್ದು ಅಳ್ನಾವರ, ಕಲಘಟಗಿ ಕಡೆ ಬೀಳುತ್ತೆ, ನವಲಗುಂದ, ಅಣ್ಣಿಗೇರಿ ದಾಟಿ ಗದಗ ಮುಟ್ಟುವ ಹೊತ್ತಿಗೆ ಮೋಡ ಬರೀ ನೆರಳು ಕೊಟ್ಟು ಹೋಗೋದೇ ಹೆಚ್ಚು.

ಇನ್ನೊಂದು ಒಳ್ಳೆಯ ಪುಟ ಎಚ್ಚರಿಕೆಯ ಬಣ್ಣಗಳ ಬಗ್ಗೆ. ಹಳದಿ ಅಂದ್ರೆ ಗಮನ ಇಡಿ, ಕಿತ್ತಳೆ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಕ್ರಮ ತಗೊಳ್ಳಿ. ಆರೆಂಜ್ ಅಲರ್ಟ್ ಬಂದ ಕೂಡಲೇ 'ನಾಳೆ ಶಾಲೆ ರಜೆ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಇದನ್ನು ಓದಬೇಕು, ರಜೆ ಕೊಡೋದು ಜಿಲ್ಲಾಧಿಕಾರಿ, ಬಣ್ಣ ಅಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು 'ಭಾರಿ ಮಳೆ', 115.6ರಿಂದ 'ಅತಿ ಭಾರಿ'. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು ಅನ್ನೋದನ್ನೂ ಕೊಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ: ನೂರು ಚದರ ಮೀಟರ್ ತಾರಸಿ ಇದ್ದರೆ ಒಂದು ಭಾರಿ ಮಳೆಗೆ 6450 ಲೀಟರ್. ನಲ್ಲಿ ನೀರಿಗೆ ದಿನ ಎಣಿಸುವ ಊರಲ್ಲಿ ಇಷ್ಟೂ ಗಟಾರಕ್ಕೆ ಹೋಗುತ್ತೆ ಅಂದ್ರೆ ಹೊಟ್ಟೆ ಉರಿಯೋದಿಲ್ವಾ? ಚಂಡಮಾರುತಗಳ ಹೆಸರಿನ ವಿಷಯವೂ ಇದೆ. 13 ದೇಶ, ತಲಾ 13 ಹೆಸರು, ಒಟ್ಟು 169ರ ಪಟ್ಟಿ, ಬಂದದ್ದು 2020ರಲ್ಲಿ. ಒಂದೇ ಬೇಜಾರು ಅಂದ್ರೆ ಮಳೆ ನಕ್ಷತ್ರಗಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ರೋಹಿಣಿ, ಮೃಗಶಿರ, ಆರಿದ್ರ ಅಂತ ಎಣಿಸಿ ಬಿತ್ತುವ ಸೀಮೆ ನಮ್ಮದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರ್ತಾನೆ ಅನ್ನೋದು ಒಳ್ಳೇ ಪ್ರಶ್ನೆ ಆಗ್ತಿತ್ತು.

ಆಹಾರದ ಭಾಗ ಅರ್ಧಂಬರ್ಧ. ಬ್ಯಾಡಗಿ ಮೆಣಸಿನಕಾಯಿಯ ಬ್ಯಾಡಗಿ ಯಾವ ಜಿಲ್ಲೆಯಲ್ಲಿದೆ? ಉತ್ತರ ಧಾರವಾಡ ಅಂತೆ. 1997ರಲ್ಲೇ ಹಾವೇರಿ ಬೇರೆ ಜಿಲ್ಲೆ ಆಯ್ತು, ಗದಗವೂ ಆಗಲೇ. ಹಾವೇರಿಯವರ ಕಣ್ಣಿಗೆ ಈ ಪುಟ ಬಿದ್ದರೆ ಆ ಮೆಣಸಿನಕಾಯಿಯನ್ನೇ ಪ್ರಕಾಶಕರಿಗೆ ತಿನ್ನಿಸ್ತಾರೆ. ಅದರಿಂದೇನೂ ಅಷ್ಟು ಆಗೋದಿಲ್ಲ ಬಿಡಿ, ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಆ ಬಣ್ಣಕ್ಕೇ ಬೆಲೆ. ಅದರಿಂದ ತೆಗೆದ ಓಲಿಯೋರೆಸಿನ್ ಅನ್ನೋ ಗಟ್ಟಿ ಬಣ್ಣದ ಸಾರ ತಿನಿಸುಗಳಿಗೂ ಹೋಗುತ್ತೆ, ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಪುಸ್ತಕದಲ್ಲಿ ಇದ್ಯಾವುದೂ ಇಲ್ಲ, ಭೌಗೋಳಿಕ ಸೂಚಿಕೆ ಸಿಕ್ಕಿದೆ ಅಂತ ಒಂದು ಸಾಲು ಅಷ್ಟೇ. ಪೇಡೆಗೂ ಅದೇ ಗತಿ. ಖೋವಾವನ್ನು ಕಂದು ಬಣ್ಣ ಬರೋವರೆಗೆ ಹುರಿಯುವುದರಿಂದ ಆ ರುಚಿ ಅಂತ ಬರೆದಿದ್ದರೆ ಎಷ್ಟು ಜಾಗ ಹಿಡೀತಿತ್ತು? ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು ಅನ್ನೋದು ಇದೆ, ಅದು ಸರಿ. ಚುರುಮುರಿಯ ಗಿರ್ಮಿಟ್, ಮಿರ್ಚಿ ಭಜಿ ಸುದ್ದಿಯೇ ಇಲ್ಲ.

ಪ್ರಚಲಿತ ವಿದ್ಯಮಾನ ಓದೋದು ಅಂದ್ರೆ ಹಳೇ ಪಂಚಾಂಗ ಹಿಡಿದು ಲಗ್ನ ಮಾಡಿದ ಹಾಗೆ. ಚೆಸ್ ವಿಶ್ವ ಚಾಂಪಿಯನ್ ಇನ್ನೂ ಕಾರ್ಲ್‌ಸನ್. ನಡುವೆ 2023ರಲ್ಲಿ ಡಿಂಗ್ ಲಿರೆನ್ ಬಂದರು, 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ಆ ಡಿಂಗ್ ಅವರನ್ನು ಸೋಲಿಸಿ ಚಾಂಪಿಯನ್ ಆದರು. ಕೊಟ್ಟಿರುವ ನಾಲ್ಕು ಆಯ್ಕೆಗಳಲ್ಲಿ ಗುಕೇಶ್ ಹೆಸರೇ ಇಲ್ಲ! ಜನಸಂಖ್ಯೆಯಲ್ಲಿ ಮೊದಲ ದೇಶ ಚೀನಾ ಅಂತ ಇದೆ, ಭಾರತ ಮುಂದೆ ಹೋಗಿದ್ದು 2023ರಲ್ಲಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದೇ ಪಾಲಿಕೆ ಅಂತ ಇದೆ, ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲೇ ಸಂಪುಟ ಒಪ್ಪಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗೆ ಇದನ್ನು ನಂಬಿ ಕೂತ ಹುಡುಗರ ಗತಿ ಏನು? ಉತ್ತರದ ಪಕ್ಕ 'ಇಷ್ಟನೇ ಇಸವಿಗೆ' ಅಂತ ಒಂದು ಸಂಖ್ಯೆ ಹಾಕಿದ್ದರೂ ಅರ್ಧ ತಕರಾರು ಇರ್ತಿರಲಿಲ್ಲ.

ಅಂಗಡಿಗೆ ಹೋಗಿ ಪ್ಲಾಟ್‌ಫಾರ್ಮ್ ಪುಟ ತೋರಿಸಿದೆ. "ಅವೆಲ್ಲಾ ಹಂಗ ಇರ್ತಾವ್ರೀ ಸರ, ಮೊಬೈಲ್‌ನಾಗ ಒಮ್ಮಿ ನೋಡಿಕೊಂಡ್ ಬಿಡ್ರಿ" ಅಂದ್ರು. ಮೊಬೈಲ್‌ನಲ್ಲೇ ನೋಡೋದಾದ್ರೆ ಪುಸ್ತಕಕ್ಕೆ ದುಡ್ಡು ಯಾಕೆ ಕೊಡಬೇಕು ಅಂತ ಕೇಳಿದ್ದಕ್ಕೆ ನಕ್ಕರು. ವಾಪಸ್ ತಗೊಳ್ಳಲಿಲ್ಲ.

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಹವಾಮಾನದ ಭಾಗಕ್ಕಾಗಿ ಸೆಕೆಂಡ್ ಹ್ಯಾಂಡ್ ಪ್ರತಿ ತಗೊಳ್ಳಿ, ಅರ್ಧ ಬೆಲೆಗೆ ಸಿಗುತ್ತೆ. ಪೆನ್ನಿನಲ್ಲಿ ಟಿಕ್ ಮಾಡದ ಪ್ರತಿ ಹುಡುಕಿ, ಹಿಂದಿನವರು ಗೋರಖ್‌ಪುರಕ್ಕೇ ಟಿಕ್ ಹಾಕಿರ್ತಾರೆ.