ಚೋರ್ ಬಜಾರ್‌ನ ನಕಲಿ ಕೋವಿ: ದುಡ್ಡಿಗೆ ಮೋಸ ಇಲ್ಲ, ಮಳೆಗಾಲದಲ್ಲಿ ಕೆಲಸ ಜಾಸ್ತಿ

ನಮ್ಮ ಅಸಲಿ ಕೇಪಿನ ಕೋವಿ (ಕೇಪು ಅಂದರೆ ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೊಡಗಿನಲ್ಲಿ ಅಣ್ಣನ ಮನೆಯಲ್ಲಿದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಮುಂಬೈನ ಮುಲುಂಡಿನ ಫ್ಲಾಟಿನಲ್ಲೂ ಪೂಜೆಗೆ ಒಂದು ಇರಲಿ ಅಂತ ಚೋರ್ ಬಜಾರ್‌ನ ಹಳೇ ಸಾಮಾನಿನ ಬೀದಿ ಮಟನ್ ಸ್ಟ್ರೀಟ್‌ಗೆ ಹೋದೆ.

ಅಲ್ಲಿ ಎಲ್ಲರದ್ದೂ 'ಅಸಲಿ ಪುರಾನಾ'. ಒಬ್ಬ ತೋರಿಸಿದ ಕೋವಿಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಿಂಹ, ಅದರ ಪಕ್ಕ 1881 ಅಂತ ಕೆತ್ತನೆ. ಕಂಪನಿ 1874ರಲ್ಲೇ ಬಾಗಿಲು ಹಾಕಿತ್ತಲ್ವಾ? ಬೆಲೆ ಮಾತ್ರ 40,000.

ನಾನು ಕೊಂಡ ಅಂಗಡಿಯ ಚಾಚಾ "ನಕಲ್ ಹೈ, ದೀವಾರ್ ಕೇ ಲಿಯೇ" (ನಕಲಿ, ಗೋಡೆಗೆ ತೂಗುಹಾಕೋಕೆ) ಅಂತ ಮೊದಲೇ ಹೇಳಿಬಿಟ್ಟರು. ಬ್ರಿಟಿಷ್ ಸೇನೆಯ 1853ರ ಎನ್‌ಫೀಲ್ಡ್ ಕೋವಿಯ ಮಾದರಿ. 1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ತೋಟಾ ಇದರದ್ದೇ. ನಳಿಗೆ 39 ಇಂಚು, ಅದನ್ನು ಮರಕ್ಕೆ ಹಿಡಿದಿಡಲು ಮೂರು ಲೋಹದ ಪಟ್ಟಿ. 14,000 ಅಂದವರು 10,500ಕ್ಕೆ ಇಳಿದರು. ವಾಪಸ್ ತಂದರೆ ಅರ್ಧಕ್ಕಿಂತ ಜಾಸ್ತಿ ಕೊಡಲ್ಲ ಅಂತಲೂ ಹೇಳಿದರು. ನಕಲಿಗೆ ವಯಸ್ಸಾದಂತೆ ಬೆಲೆ ಏರಲ್ಲ. ಕೈಕೆಲಸಕ್ಕೆ ಮಾತ್ರ ದುಡ್ಡು ಕೊಡಿ.

ಆ ಕೈಕೆಲಸ ಇದರಲ್ಲಿ ಚೆನ್ನಾಗಿದೆ. ಕೇಪಿನ ಮೇಲೆ ಬಡಿಯುವ ಸುತ್ತಿಗೆಯಂಥ ಕುದುರೆ ಎಳೆದರೆ ಅರ್ಧಕ್ಕೊಮ್ಮೆ, ಪೂರ್ತಿಗೊಮ್ಮೆ ಟಕ್ ಅಂತ ನಿಲ್ಲುತ್ತದೆ. ಅಗ್ಗದವುಗಳಲ್ಲಿ ಅದು ಸುಮ್ನೆ ಎರಕದ ತುಂಡು, ಅಲ್ಲಾಡುವುದೇ ಇಲ್ಲ. ಮಧ್ಯದ ಪಟ್ಟಿ ಸಡಿಲ, ಮರಕ್ಕೆ ಬಳಿದ ವಾರ್ನಿಷ್ ಸಿಹಿತಿಂಡಿಯ ಪಾಕದಷ್ಟು ದಪ್ಪ. ಅಷ್ಟೇ ತಕರಾರು. ಕೇಪು ಕೂರುವ ಜಾಗದಿಂದ ನಳಿಗೆಗೆ ತೂತಿಲ್ಲ. ಅದನ್ನು ಕೊರೆಸುವ ಯೋಚನೆ ತಮಾಷೆಗೂ ಬೇಡ. ಲೈಸೆನ್ಸ್ ಇಲ್ಲದೆ ನಕಲಿಯನ್ನು ಅಸಲಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಇನ್ನು ಮುಂಬೈ ಮಳೆ. ಜೂನ್ ಬಂತೆಂದರೆ ಕಬ್ಬಿಣ ಬೆವರುತ್ತದೆ. ವಾರಕ್ಕೊಮ್ಮೆ ಹೊಲಿಗೆ ಮೆಷಿನ್ ಎಣ್ಣೆಯ ಬಟ್ಟೆಯಲ್ಲಿ ನಳಿಗೆ ಒರೆಸುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಕಮಟು ವಾಸನೆ ಹೊಡೆದು ಅಂಟುತ್ತದೆ. ರೆಕ್ಸಿನ್ ಚೀಲದಲ್ಲಿ ಇಟ್ಟರೆ ತೇವ ಒಳಗೇ ಕೂತು ತುಕ್ಕು ಹಿಡಿಯುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದರೆ ಹುಳಿ ಸಂದಿಗೆ ಇಳಿದು ಪಕ್ಕದ ಕಬ್ಬಿಣ ತಿನ್ನುತ್ತದೆ. ಪೂಜೆಯ ದಿನ ನಳಿಗೆ ಬಾಯಿಗೆ ಕೋವಿ ಹೂ ಸಿಕ್ಕಿಸುತ್ತೇವಲ್ಲ, ಅದರ ತೊಟ್ಟನ್ನು ಮೊದಲು ಒರೆಸಿ, ಸಂಜೆಗೆ ತೆಗೆದುಬಿಡಿ. ನಳಿಗೆಯೊಳಗೆ ಒಣಬಟ್ಟೆಯನ್ನೂ ಆಡಿಸಿ.

ವಾರ್ನಿಷ್ ಕೆರೆದು ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿದೆ, ಈಗ ಶೀಶಮ್ ಗೆರೆ ಚೆಂದ ಕಾಣುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗೇ ಕಾದು ಹೊತ್ತಿಕೊಳ್ಳಬಹುದು, ನೀರಲ್ಲಿ ನೆನೆಸಿಡಿ.

ಬಿಲ್ಲಿನಲ್ಲಿ 'ಅಲಂಕಾರದ ನಕಲು' ಅಂತ ಬರೆಸಿಕೊಳ್ಳಿ. ರಟ್ಟಿನ ಡಬ್ಬಿಯಲ್ಲಿ ಕಟ್ಟಿಸಿ ಟ್ಯಾಕ್ಸಿಯಲ್ಲೇ ತನ್ನಿ, ಲೋಕಲ್ ರೈಲಿನಲ್ಲಿ ಬೇಡ. ಶುಕ್ರವಾರ ಅಂಗಡಿಗಳಿಗೆ ರಜೆ.